ಜೇಬಿನಲ್ಲೇ ಉಳಿದ ಕೈ

ಬೆಳಗಿನಿಂದ ಏಳು ಕಂಬ ಹತ್ತಿ ಇಳಿದಿದ್ದ ಲೈನ್‌ಮನ್‌ಗೆ ಎಂಟನೆಯದರ ಹತ್ತಿರ ನಿಲ್ಲುವುದೇ ಸಾಕಾಗಿಹೋಗಿತ್ತು. ಕಡಿದ ತಂತಿಯೊಂದು ಎದೆಯೆತ್ತರಕ್ಕೆ ಜೋತಾಡುತ್ತಿತ್ತು. ಹೊಸ ಇಂಜಿನಿಯರ್ ಪರಮಶಿವಮೂರ್ತಿ ಜೀಪಿನಿಂದ ಇಳಿದವರೇ ಗುಡುಗಿದರು.

"ಹತ್ತಯ್ಯಾ! ಕರೆಂಟ್ ತೆಗೆಸಿದ್ದೀನಿ."

"ಖಾತ್ರಿನಾ ಸಾರ್?"

"ವಿದ್ಯುತ್ತಿನ ವಿಷಯದಲ್ಲಿ ನನಗೇ ಪಾಠ ಹೇಳ್ತೀಯಾ?"

ಲೈನ್‌ಮನ್ ನಿಟ್ಟುಸಿರುಬಿಟ್ಟ. "ಎಲ್ಲಾದ್ರೂ ಉಂಟಾ ಸಾರ್! ಆದ್ರೆ ನಮ್ಮಲ್ಲೊಂದು ಪದ್ಧತಿ. ಕರೆಂಟ್ ಇಲ್ಲ ಅಂದವರೇ ತಂತಿ ಮೊದಲು ಮುಟ್ಟಬೇಕು. ಅಂಗೈ ಬೇಡಿ, ಕರೆಂಟ್ ಇದ್ರೆ ಬೆರಳು ಮಡಚಿಕೊಂಡು ತಂತೀನೇ ಹಿಡ್ಕೊಂಡುಬಿಡುತ್ತೆ. ಕೈಯ ಹಿಂಬದಿ ತಾಗಿಸಿ, ಸಾಕು."

ಸಾಹೇಬರ ಬಲಗೈ ಮುಂದೆ ಬಂತು, ತಂತಿಗೆ ಗೇಣು ದೂರದಲ್ಲಿ ನಿಂತಿತು, ಮೆಲ್ಲಗೆ ಪ್ಯಾಂಟಿನ ಜೇಬು ಸೇರಿತು. ಎಡಗೈಯಲ್ಲೇ ವಿದ್ಯುತ್ ಸಬ್‌ಸ್ಟೇಷನ್ನಿಗೆ ಫೋನ್ ಮಾಡಿದರು.

"ತೆಗೆದಿದ್ದೀವಲ್ಲ ಸಾರ್," ಎಂದಿತು ಅತ್ತಲಿನ ದನಿ, "ನೀವು ಹೇಳಿದ ಕೆರೆ ಕಡೆ ಲೈನು."

"ನಾವಿರೋದು ಗೋದಾಮಿನ ಕಡೆ ಕಣಯ್ಯಾ, ಆ ಲೈನ್ ತೆಗಿ!" ಸಾಹೇಬರು ಬೆವರಿಬಿಟ್ಟರು. ಐದು ನಿಮಿಷ ಕಳೆದ ಮೇಲೆ ಮೆತ್ತಗಿನ ದನಿಯಲ್ಲಿ ಹೇಳಿದರು: "ಈಗ ನಿಜವಾಗ್ಲೂ ತೆಗೆದಾಯ್ತು. ಹತ್ತು."

ಲೈನ್‌ಮನ್ ರಸ್ತೆಬದಿಯ ಕಲ್ಲಿನ ಮೇಲೆ ಕೂತು ಕಾಲು ಚಾಚಿದ.

"ಆಗ್ಲಿ ಸಾರ್. ನಿಮ್ಮ ಕೈ ಜೇಬಿನಿಂದ ಹೊರಗೆ ಬರ್ಲಿ, ಹತ್ತುತ್ತೀನಿ."