ತಟ್ಟೆಯ ಅಂಚಿನ ಚುಕ್ಕಿಗಳು

ಆ ಅಂಧ ಮಕ್ಕಳ ವಸತಿ ಶಾಲೆಯಲ್ಲಿ ವಾರವೆಲ್ಲ ಹೇಗೋ ನಡೆಯುತ್ತಿತ್ತು. ಭಾನುವಾರ ಮಾತ್ರ ಮಧ್ಯಾಹ್ನಕ್ಕೂ ಉಪ್ಪಿಟ್ಟೇ. ವಾರ್ಡನ್ ಗಿರಿಜಕ್ಕ ಇದನ್ನು ಪಾತ್ರೆ ವ್ಯಾಪಾರಿ ರುದ್ರಮುನಿಯಪ್ಪನವರ ಹತ್ತಿರ ಹೇಳಿಕೊಂಡಳು. ಧಣಿಗಳ ಮನಸ್ಸು ಕರಗಿಹೋಯಿತು. ಅಂಗಡಿಯಲ್ಲಿ ಮಾರಾಟವಾಗದೆ ಉಳಿದಿದ್ದ ಸ್ಟೀಲ್ ತಟ್ಟೆಗಳನ್ನೆಲ್ಲ ದಾನ ಮಾಡಿಬಿಟ್ಟರು!

“ಅಂಚಿನಲ್ಲಿ ನನ್ನ ಹೆಸರು, ನನ್ನ ದೊಡ್ಡತನ ಎರಡೂ ಬ್ರೈಲ್‌ನಲ್ಲಿ ಇರಬೇಕು. ಮಕ್ಕಳು ಅದನ್ನು ಓದಿಯೇ ಊಟ ಮಾಡಬೇಕು. ಯಾವತ್ತೂ ಅಳಿಸಬಾರದು. ಇಲ್ಲದಿದ್ದರೆ ತಟ್ಟೆ ವಾಪಸ್!”

“ಆಗಲಿ ಸಾರ್. ಚುಕ್ಕಿ ನಾನು ಬರೆದುಕೊಡ್ತೀನಿ. ನಿಮ್ಮ ಅಂಗಡಿಯಲ್ಲೇ ಹೊಡೆಸಿ.”

ಧಣಿಗಳು ಕನ್ನಡಕ ಹಾಕಿಕೊಂಡು ಚುಕ್ಕಿಗಳನ್ನೆಲ್ಲ ಮೆಚ್ಚಿದರು. ಓದಲು ಮಾತ್ರ ಒಂದೂ ಬರಲಿಲ್ಲ.

ಸಮಾರಂಭಕ್ಕೆ ಊರಿನ ಗಣ್ಯರೆಲ್ಲ ಬಂದರು. ರುದ್ರಮುನಿಯಪ್ಪ ಮೀಸೆ ತಿರುವಿ, “ಓದು ಮಗಳೇ, ಜೋರಾಗಿ ಓದು” ಎಂದರು.

ಪುಟ್ಟ ಚಂಪಾ ಅಂಚಿನ ಮೇಲೆ ಬೆರಳಾಡಿಸಿದಳು. “ಮಹಾದಾನಿ ರುದ್ರಮುನಿಯಪ್ಪನವರು ಪ್ರತಿ ಭಾನುವಾರ ನಮಗೆ ಹೋಳಿಗೆ ಊಟ ಹಾಕಿಸುತ್ತಾರೆ.”

ಚಪ್ಪಾಳೆಯೋ ಚಪ್ಪಾಳೆ! ಶಾಸಕರು ಎದ್ದು ಬಂದು ಧಣಿಗಳನ್ನು ಅಪ್ಪಿಕೊಂಡರು. ಅಪ್ಪುಗೆಯೊಳಗಿಂದಲೇ ಧಣಿಗಳು ಪಕ್ಕದಲ್ಲಿದ್ದ ಗಿರಿಜಕ್ಕನಿಗೆ ಹಲ್ಲು ಕಚ್ಚಿ ಪಿಸುಗುಟ್ಟಿದರು. “ಏನಮ್ಮಾ ಇದು? ಅಳಿಸು!”

“ಅಳಿಸಬಾರದು ಅಂತ ನೀವೇ ಹೇಳಿದ್ರಲ್ಲ ಸಾರ್. ಹೊಡೆದದ್ದೂ ನಿಮ್ಮ ಅಂಗಡಿಯವರೇ. ಬಹಳ ಗಟ್ಟಿ ಕೆಲಸ.”

ಮುಂದಿನ ಭಾನುವಾರ ಹೋಳಿಗೆ ಬಂತು. ಚಂಪಾ ಒಂದು ತುಂಡು ಮುರಿದು ಬಾಯಿಗಿಟ್ಟು, “ತುಪ್ಪ ಇಲ್ವಾ ಅಕ್ಕಾ?” ಎಂದಳು.

“ತಟ್ಟೆ ಅಂಚಲ್ಲಿ ಜಾಗ ಸಾಲಲಿಲ್ಲ ಕಣೇ” ಎಂದಳು ಗಿರಿಜಕ್ಕ. “ಅವರು ಲೋಟ ದಾನ ಮಾಡಲಿ, ತಾಳು.”