ಕೈಗಲ್ಲಿನ ಉತ್ತರಾಣಿ ತೀರ್ಥ

ಅರಣ್ಯವು ಗ್ರಾಮಗಳಿಗೆ ಇನ್ನೂ ಎಡೆಗೊಡದಿದ್ದ ಪುರಾತನ ಕಾಲದಲ್ಲಿ, ಕೈಗಲ್ಲು ಗಿರಿಯ ತಪ್ಪಲಿನ ಬೇಡರ ಹಟ್ಟಿಯಲ್ಲಿ ನಾಗಕ್ಕನೆಂಬ ವೃದ್ಧ ಸೂಲಗಿತ್ತಿ ವಾಸವಾಗಿದ್ದಳು. ಹಾದಿಬದಿಯಲ್ಲಿ ಬೆಳೆದು ದಾರಿಹೋಕರ ವಸ್ತ್ರಕ್ಕೆ ಅಂಟುವ ಉತ್ತರಾಣಿಯನ್ನು ಜನರು ಕಳೆಯೆಂದು ತುಳಿದರೂ, ಅದರ ಕಡ್ಡಿಯು ದಂತಶುದ್ಧಿಗೂ, ಎಲೆಯು ಚೇಳಿನ ವಿಷಶಮನಕ್ಕೂ, ಬೇರು ಸುಖಪ್ರಸವಕ್ಕೂ ವಿಹಿತವೆಂದು ಆ ಗಿರಿಯಲ್ಲಿ ತಪೋನಿರತನಾಗಿದ್ದ ದೀರ್ಘಶಿಖ ಮುನಿಯು ಅವಳಿಗೆ ಉಪದೇಶಿಸಿದ್ದನು. ನಿಯಮಗಳು ನಾಲ್ಕು. ಮುನ್ನಾದಿನ ಸಂಜೆ ಗಿಡಕ್ಕೆ ಅರಿಸಿನದ ದಾರ ಕಟ್ಟಿ ಆಹ್ವಾನಿಸಬೇಕು. ಕಬ್ಬಿಣ ಸೋಕಿಸದೆ ಅಗೆಯಬೇಕು. ಶಿಶುವಿನ ಮೊದಲ ಅಳು ಕೇಳಿದೊಡನೆ ಬಸುರಿಯ ತೊಡೆಗೆ ಕಟ್ಟಿದ ಬೇರನ್ನು ಬಿಚ್ಚಿ ನೀರಿಗೆ ಬಿಡಬೇಕು. ತಡವಾದರೆ ರಕ್ತ ನಿಲ್ಲದು. ಒಂದು ಬೇರು ಒಂದೇ ಶಿಶುವಿಗೆ. ನಲವತ್ತು ವರ್ಷ ನಾಗಕ್ಕ ಇವುಗಳಲ್ಲಿ ಒಂದನ್ನೂ ಮೀರಲಿಲ್ಲ.

ಕಾಟಯ್ಯನೆಂಬ ಬೇಡನ ಮಡದಿ ಸಿರಿಯವ್ವೆಗೆ ದಿನ ತುಂಬಿದಾಗ, ನಾಗಕ್ಕ ವಿಧಿವತ್ತಾಗಿ ಬೇರು ತಂದಳು.

"ಗಿಡಕ್ಕೂ ಕರೆಯೋಲೆ ಕೊಡ್ತೀಯಲ್ಲ ನಾಗಕ್ಕಾ, ಅದಕ್ಕೇನು ಮದುವೆಯೇ?" ಎಂದು ಕಾಟಯ್ಯ ನಕ್ಕನು.

"ಜಿಂಕೆ ಮುಂದೆ ಬಾಯಿ ಮುಚ್ಚೋಕೆ ಬರುತ್ತೆ, ಹೆಂಡತಿ ಹೆರಿಗೇಲಿ ಬರೋಲ್ವೇನೋ? ನೀರು ಕಾಯಿಸು ಹೋಗು."

ಹೆಣ್ಣುಶಿಶು ಜನಿಸಿ ಅತ್ತಿತು. ನಾಗಕ್ಕ ಬೇರನ್ನು ಬಿಚ್ಚಿ ತೊರೆಗೆ ಬಿಟ್ಟಳು. ಬಳಿಕ ಉದರದ ಮೇಲೆ ಕೈಯಿಟ್ಟವಳಿಗೆ ಒಳಗೆ ಇನ್ನೊಂದು ಕೂಸಿರುವುದು ತಿಳಿಯಿತು. ಆಗ ಮಧ್ಯಾಹ್ನ. ಗಿಡವನ್ನು ಸಂಜೆ ಆಹ್ವಾನಿಸಿ ಮರುದಿನ ಬೇರು ತರುವವರೆಗೆ ಸಿರಿಯವ್ವೆ ಉಳಿಯುವಂತಿರಲಿಲ್ಲ.

ಗಿರಿಯ ಬಂಡೆಯ ಬುಡಕ್ಕೆ ಧಾವಿಸಿದ ನಾಗಕ್ಕ, ಸಂದಿನಲ್ಲಿ ಬೆಳೆದಿದ್ದ ಒಂಟಿ ಉತ್ತರಾಣಿಯೆದುರು ಮಂಡಿಯೂರಿ, ಎರಡೂ ಅಂಗೈಗಳನ್ನು ಶಿಲೆಗೆ ಒತ್ತಿ ಬೇಡಿಕೊಂಡಳು: "ತಾಯೀ, ಕರೆಯದೇ ಬಂದಿದ್ದೀನಿ. ತಪ್ಪು ನಂದು, ಆ ಹುಡುಗೀದಲ್ಲ. ಬೇಕಾದರೆ ನನ್ನ ಕೈಗುಣ ತಗೋ."

ಆಗ ಗಿಡದಲ್ಲಿ ನೆಲೆಸಿದ್ದ ದೇವಿಯ ವಾಣಿಯು ಕೇಳಿಬಂದಿತು: "ನಿಯಮಭಂಗಕ್ಕೆ ದಂಡವುಂಟು. ನಿನ್ನ ಕರದ್ವಯದ ಗುಣವು ಇಂದಿನಿಂದ ಈ ಶಿಲೆಗೆ ಸಲ್ಲುವುದು. ಬೇರನ್ನು ಒಯ್ಯು, ಕಟ್ಟುವ ಕೈ ಮಾತ್ರ ನಿನ್ನದಾಗಕೂಡದು."

ಬೇರು ತಾನಾಗಿ ಸಡಿಲಿತು. ಅದು ಬಿಟ್ಟ ಕುಳಿಯಲ್ಲಿ ನೀರು ಒಸರಿತು. ಹಟ್ಟಿಗೆ ಮರಳಿದ ನಾಗಕ್ಕ ಬೇರನ್ನು ಕಾಟಯ್ಯನ ಕೈಗಿತ್ತು, ತಾನು ಹೊಸ್ತಿಲ ಹೊರಗೆ ನಿಂತು, ಎಲ್ಲಿ ಕಟ್ಟಬೇಕು, ಎಷ್ಟು ಬಿಗಿಯಬೇಕು, ಯಾವಾಗ ಬಿಚ್ಚಬೇಕು ಎಂಬುದನ್ನು ಒಂದೊಂದಾಗಿ ಹೇಳಿದಳು. ಅವನು ಈ ಸಲ ನಗಲಿಲ್ಲ. ಗಂಡುಶಿಶು ಅತ್ತಿತು, ಅವನು ಬಿಚ್ಚಿದನು, ತಾಯಿ ಉಳಿದಳು.

ಬಳಿಕ ಹನ್ನೆರಡು ವರ್ಷ ಬದುಕಿದ ನಾಗಕ್ಕ ಮತ್ತಾವ ನವಜಾತ ಶಿಶುವನ್ನೂ ಕೈಯಲ್ಲಿ ಎತ್ತಿಕೊಳ್ಳಲಿಲ್ಲ. ಪ್ರತಿ ಹೆರಿಗೆಯಲ್ಲೂ ಹೊಸ್ತಿಲಾಚೆ ಕುಳಿತು, ಮೊದಲ ಅಳು ಕೇಳಿ, ಎದ್ದು ಹೋಗುತ್ತಿದ್ದಳು.

ಎರಡು ಅಂಗೈಗಳ ಗುರುತುಳ್ಳ ಆ ಶಿಲೆಯನ್ನೂ, ಅದರ ಬುಡದ ಬತ್ತದ ಒರತೆಯನ್ನೂ ಭಕ್ತರು ಇಂದಿಗೂ ಕಾಣಬಹುದು. ಶ್ರಾವಣದ ಮೊದಲ ಮಂಗಳವಾರ ಬಾಣಂತಿಯರು ಇಲ್ಲಿಗೆ ಬಂದು, ತೀರ್ಥ ಪ್ರೋಕ್ಷಿಸಿಕೊಂಡು, ತಮ್ಮ ಕೂಸುಗಳನ್ನು ಕ್ಷಣಕಾಲ ಆ ಕಲ್ಲಿನ ಅಂಗೈಗಳ ಮೇಲೆ ಮಲಗಿಸುತ್ತಾರೆ. ನಾಗಕ್ಕ ಎತ್ತಿಕೊಳ್ಳಲಿ ಎಂದು.