ಮೂಲೆ ಸೈಟಿನ ಎಮ್ಮೆ

ಪುರಸಭೆಗೆ ಅನುದಾನ ಬಂತು. ಕುಂಬಾರಗೇರಿಗೆ ರಸ್ತೆ ಮಾಡಿಸಿ ಅಂದರು ಸದಸ್ಯರು. ಕೆರೆಯಂಗಳಕ್ಕೆ ಮಣ್ಣು ಹೊಡೆಸಿದ್ದೇನೆ, ಬಡಾವಣೆ ಮಾಡೋಣ ಅಂದರು ಅಧ್ಯಕ್ಷ ಗುರುಮಲ್ಲಪ್ಪ. ಮೂಲೆ ಸೈಟನ್ನು ಬಾಮೈದನಿಗೆ ಆಗಲೇ ಎತ್ತಿಟ್ಟಿದ್ದರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಕೊನೆಗೆ ಜಾಗ ನೋಡಿ ತೀರ್ಮಾನ ಹೇಳಲು ಜಿಲ್ಲೆಯ ಸಾಹೇಬರು ಬರುವುದೆಂದಾಯಿತು.

ಅಧ್ಯಕ್ಷರು ಜವಾನನನ್ನು ಕರೆದರು. “ಸಾಹೇಬರು ಬರೋ ದಿನ ಬಡಾವಣೆ ಜಾಗದಲ್ಲೇ ಗೋಪೂಜೆ ಇಟ್ಕೊಂಡಿದ್ದೀನಿ. ಹಸು ಹಿಡ್ಕೊಂಡು ಬಾ. ಸಾಹೇಬರ ಮುಂದೆ ಬಾಯಿ ಬಿಟ್ಯೋ, ಕೆಲಸ ಹೋಯ್ತು!”

ಜವಾನನ ಮನೆ ಕುಂಬಾರಗೇರಿಯಲ್ಲಿತ್ತು. ಹೆಂಡತಿಯ ಹೆರಿಗೆಯ ದಿನ ಆಂಬುಲೆನ್ಸ್ ಹಳ್ಳದಲ್ಲಿ ಸಿಕ್ಕಿಕೊಂಡಿತ್ತು. ಆ ದಿನ ಅವನು ಹಸುವಿನ ಜೊತೆ ಒಂದು ಎಮ್ಮೆಯನ್ನೂ ಹೊಡೆದುಕೊಂಡು ಬಂದ.

“ಇದ್ಯಾಕೋ?”

“ಇದು ಮುಂದೆ ನಡೀದಿದ್ರೆ ಹಸು ಹೆಜ್ಜೆ ಕಿತ್ತಿಡಲ್ಲ, ಯಜಮಾನ್ರೇ.”

“ಇಲ್ಲಿ ನೀರಿನ ಪಸೆಯೇ ಇಲ್ಲ ಸಾರ್” ಎಂದು ಅಧ್ಯಕ್ಷರು ಸಾಹೇಬರಿಗೆ ಹೇಳುತ್ತಿದ್ದರು. ಎಮ್ಮೆ ಮೂಗರಳಿಸಿತು. ಹಗ್ಗ ಕೊಸರಿಕೊಂಡು ನೇರ ಮೂಲೆ ಸೈಟಿಗೆ ಹೋಗಿ ಮಲಗಿತು. ಹೊಸ ಮಣ್ಣು ಕುಸಿಯಿತು. ಎಮ್ಮೆ ಕುತ್ತಿಗೆವರೆಗೂ ಕೆಸರಲ್ಲಿ ಮುಳುಗಿ, ಕಣ್ಣು ಮುಚ್ಚಿ ಮೆಲುಕು ಹಾಕತೊಡಗಿತು.

ಅಧ್ಯಕ್ಷರ ಮುಖ ಹುಳ್ಳಗಾಯಿತು. ಸಾಹೇಬರು ಜವಾನನತ್ತ ತಿರುಗಿದರು. “ಇದು ಕೆರೆಯೇನಯ್ಯಾ?”

ಜವಾನ ಕೈಮುಗಿದ. “ನಾನು ಬಾಯಿ ಬಿಟ್ರೆ ಕೆಲಸ ಹೋಗುತ್ತೆ ಸ್ವಾಮಿ. ಎಮ್ಮೇನೇ ಕೇಳಿ. ಅದು ಯಾವ ಪಾರ್ಟೀದೂ ಅಲ್ಲ.”

ಕುಂಬಾರಗೇರಿ ರಸ್ತೆಯ ಉದ್ಘಾಟನೆಗೆ ಅಧ್ಯಕ್ಷರೇ ಬಂದು ಟೇಪು ಕತ್ತರಿಸಿದರು. ಹಾರ ಮಾತ್ರ ಕೇರಿಯವರು ಎಮ್ಮೆಗೆ ಹಾಕಿದರು.